ಸಮುದ್ರ ಬಲಗಡೆ ಕಂಡರೆ ಫೋಟೊ ತಿರುಗಿದೆ

ಹಳೆ ಫೋಟೊಗಳನ್ನು ಸ್ಕ್ಯಾನ್ ಮಾಡಿ ಸರಿಪಡಿಸುವುದು ನನ್ನ ಕೆಲಸ. ಕಾರವಾರದಲ್ಲಿ ನನ್ನ ಬಳಿ ಬರುವವರು ಹೆಚ್ಚಾಗಿ ಹೇಳುವ ಮಾತು ಒಂದೇ: "ಹಿಂದಿನದೆಲ್ಲ ತೆಗೆದುಬಿಡಿ, ಅಜ್ಜನ ಮುಖ ದೊಡ್ಡದು ಮಾಡಿ ಸಾಕು." ಮಾಡಿಕೊಡುತ್ತೇನೆ. ಆದರೆ ಅದಕ್ಕೂ ಮುಂಚೆ ಏನೂ ಕತ್ತರಿಸದ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಡುತ್ತೇನೆ. ಊರಿನ ಕಥೆ ಇರುವುದು ಅಜ್ಜನ ಬೆನ್ನ ಹಿಂದೆ.

ಕಾರವಾರದ ಕೋಡಿಬಾಗದ ದಡದಲ್ಲಿ ಒಂದು ಮನೆಯವರು ಸಾಲಾಗಿ ನಿಂತಿದ್ದಾರೆ ಅಂದುಕೊಳ್ಳಿ. ಹಿಂದೆ ಕಾಳಿ ನದಿ, ಆಚೆ ಸದಾಶಿವಗಡದ ಗುಡ್ಡ. ಗುಡ್ಡ ಇಡಿಯಾಗಿ ಕಂಡರೆ ಹೆದ್ದಾರಿಗಾಗಿ ಅದನ್ನು ಸೀಳುವುದಕ್ಕೆ ಮುಂಚಿನ ಫೋಟೊ. ಸೇತುವೆಯ ಸುಳಿವೇ ಇಲ್ಲವಾದರೆ 1980ರ ದಶಕಕ್ಕಿಂತ ಹಿಂದಿನದು. ಆಗ ಆಚೆ ದಡಕ್ಕೆ ಹೋಗಲು ಲಾಂಚೇ ಗತಿ. ಜೋಡಿ ಸೇತುವೆ ಇದ್ದರೆ ಚತುಷ್ಪಥ ಹೆದ್ದಾರಿ ಬಂದ ಮೇಲಿನದು. ಒಂದೇ ಸೇತುವೆ ಇದ್ದಾಗ ಮಾತ್ರ ಹುಷಾರು. 2024ರ ಆಗಸ್ಟ್ 7ರ ನಸುಕಿನಲ್ಲಿ ಹಳೆಯದು ಕುಸಿದುಬಿತ್ತಲ್ಲ, ಹಾಗಾಗಿ ಆ ಫೋಟೊ ನಲವತ್ತು ವರ್ಷ ಹಳೆಯದೂ ಇರಬಹುದು, ಮೊನ್ನೆಯದೂ ಇರಬಹುದು. ಮೊಬೈಲಿನಲ್ಲಿ ತೆಗೆದದ್ದಕ್ಕೂ ತಾರೀಕು ಬರೆದಿಡಿ ಅಂತ ನಾನು ಗೋಗರೆಯುವುದು ಇದಕ್ಕೇ.

ಇದೇ ಜಾಗದ ಒಂದು ನೆಗೆಟಿವ್‌ನಿಂದ ನಾನೊಮ್ಮೆ ದೊಡ್ಡ ಪ್ರಿಂಟ್ ತೆಗೆದುಕೊಟ್ಟಿದ್ದೆ. ಆ ಮನೆಯ ಅಜ್ಜಿ ಕನ್ನಡಕ ಹಾಕಿ ನೋಡಿ ನಕ್ಕರು. "ಸಮುದ್ರ ಯಾವಾಗ ಮಗ್ಗುಲು ಬದಲಿಸಿತು ಮಾರಾಯಾ?" ನಾನು ನೆಗೆಟಿವ್ ಉಲ್ಟಾ ಇಟ್ಟಿದ್ದೆ. ಕೋಡಿಬಾಗದಿಂದ ಸದಾಶಿವಗಡ ನೋಡಿದರೆ ಸಮುದ್ರ ಎಡಕ್ಕೇ ಇರಬೇಕು. ಅವತ್ತಿನಿಂದ ಮೊದಲು ನೋಡುವುದು ಗಂಡಸರ ಅಂಗಿ. ಜೇಬು ಎದೆಯ ಬಲಗಡೆ ಇದ್ದರೆ ಫೋಟೊ ತಿರುಗಿದೆ ಅಂತಲೇ ಲೆಕ್ಕ.

ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು. ಯಾರೂ ಮಾಡುವುದಿಲ್ಲ. 1956ರವರೆಗೆ ನಾವು ಮುಂಬಯಿ ರಾಜ್ಯದಲ್ಲಿದ್ದವರು. ಹಾಗಾಗಿ ಹಿಂದೆ ಬರೆದದ್ದು ಕನ್ನಡವೇ ಆಗಬೇಕೆಂದಿಲ್ಲ. ದೇವನಾಗರಿಯ ಕೊಂಕಣಿ, ಮರಾಠಿ, ಇಂಗ್ಲಿಷ್, ಒಮ್ಮೊಮ್ಮೆ ಮರಾಠಿಯ ಹಳೆ ಕೂಡುಬರಹವಾದ ಮೋಡಿ ಲಿಪಿಯೂ ಸಿಗುತ್ತದೆ. ಓದಲು ಬಾರದ ಗೀಚನ್ನೂ ಬಿಡಬೇಡಿ, ಓದುವವರು ಆಮೇಲೆ ಸಿಗುತ್ತಾರೆ. ನೀವು ಹೊಸದಾಗಿ ಬರೆಯುವುದಿದ್ದರೆ ಮೆತ್ತಗಿನ ಪೆನ್ಸಿಲ್ ಸಾಕು, ಬಾಲ್‌ಪೆನ್ ಬೇಡ.

ಫ್ರೇಮಿನ ಗಾಜಿಗೆ ಅಂಟಿದ್ದನ್ನು ಕೀಳಲು ಹೋಗಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಮೇಲಿನ ಪದರವೇ ಗಾಜು ಹಿಡಿದಿರುತ್ತದೆ, ಎಳೆದರೆ ಮುಖವೇ ಹೋದೀತು. ಗಾಜಿನ ಸಮೇತ ಸ್ಕ್ಯಾನ್ ಮಾಡಿ. 600 ಡಿಪಿಐ (ಇಂಚಿಗೆ ಅಷ್ಟು ಚುಕ್ಕೆ) ಇರಲಿ, ಅಂಗೈಗಿಂತ ಚಿಕ್ಕದಿದ್ದರೆ 1200. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ. ಸುಮ್ನೆ ಫೋಟೊ ಅಂತ ಕಳಿಸಿದರೆ ಹಿಂದಿನ ಅಂಗಡಿ ಬೋರ್ಡಿನ ಅಕ್ಷರ ಮೊದಲು ಮಾಯ. ಬಣ್ಣ ತುಂಬುವ ಆ್ಯಪ್ ಬಗ್ಗೆ ಕೇಳಲೇಬೇಡಿ, ನನಗೆ ಸಿಟ್ಟು ಜಾಸ್ತಿ.

ಇಷ್ಟೆಲ್ಲ ಯಾಕೆ ಅಂದರೆ, ಅರ್ಗಾ, ಬಿಣಗಾ ಕಡೆಯ ಆಲ್ಬಮ್‌ಗಳು ನನ್ನ ಮೇಜಿಗೆ ಬರುತ್ತವೆ. 1986ರಲ್ಲಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು. ನೌಕಾನೆಲೆಗಾಗಿ ಎಷ್ಟೋ ಮನೆಯವರು ಜಾಗ ಖಾಲಿ ಮಾಡಬೇಕಾಯಿತು. ಅಲ್ಲಿಗೆ ಹೋಗಿ ಇನ್ನೊಂದು ಫೋಟೊ ತೆಗೆದುಕೊಂಡು ಬರುತ್ತೇನೆ ಅನ್ನುವ ಹಾಗಿಲ್ಲ. ಒಬ್ಬರ ಮದುವೆ ಫೋಟೊದ ಮೂಲೆಯಲ್ಲಿ ಅರ್ಧ ತುಳಸಿಕಟ್ಟೆ ಇತ್ತು. ಬೇರೆಯವರ ನಾಮಕರಣದ ಫೋಟೊದಲ್ಲಿ ಅದೇ ಕಟ್ಟೆಯ ಇನ್ನರ್ಧ, ಅದರಾಚೆ ಸಮುದ್ರಕ್ಕೆ ಇಳಿಯುವ ಓಣಿ. ಎರಡೂ ಮನೆಯವರನ್ನು ಕೂರಿಸಿ, ಪ್ರಿಂಟುಗಳನ್ನು ಪಕ್ಕಪಕ್ಕ ಇಟ್ಟೆವು. ಓಣಿ ಎಂಟು ಮನೆಯಷ್ಟು ಉದ್ದಕ್ಕೆ ಕೂಡಿಕೊಂಡಿತು. ತಿರುವಿನ ಹತ್ತಿರ ನಿಂತಿದೆ. ಅದರಾಚೆ ಮನೆಯಿದ್ದವರು ಯಾರಾದರೂ ಆಲ್ಬಮ್ ತಂದರೆ ಮುಂದುವರಿಸುತ್ತೇವೆ.