ಕಾಲಮ್ ಬಿಚ್ಚುವ ಮೊದಲು

"ಸಾರ್, ಕಾಲಮ್ ಹೋಗಿಬಿಟ್ಟಿದೆ." ರಾತ್ರಿ ಪಾಳಿಯ ಹುಡುಗರು ಫೋನ್ ಮಾಡಿದರೆ ಮೊದಲ ಮಾತೇ ಇದು. ಕಾಲಮ್ ಅಂದರೆ ದ್ರವ ಕ್ರೊಮಟೋಗ್ರಫಿ ಯಂತ್ರದಲ್ಲಿ ಮಾದರಿಯ ಘಟಕಗಳನ್ನು ಬೇರ್ಪಡಿಸುವ ಕೊಳವೆ. ಪಾಪದ್ದು ಬಹಳಷ್ಟು ಸಲ ಚೆನ್ನಾಗಿಯೇ ಇರುತ್ತದೆ.

ಹೋದ ವರ್ಷ ಒಂದು ಔಷಧ ಕಾರ್ಖಾನೆಯ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಲ್ಯಾಬಿಗೆ ಕರೆಸಿದ್ದರು. ಆರ್ ಅಂಡ್ ಡಿಯಲ್ಲಿ ನೀಟಾಗಿ ಬೇರೆಯಾಗುತ್ತಿದ್ದ ಎರಡು ಇಂಪ್ಯೂರಿಟಿ (ಕಲ್ಮಶ) ಪೀಕ್‌ಗಳು, ಅಂದರೆ ಗ್ರಾಫಿನ ಶಿಖರಗಳು, ಇಲ್ಲಿ ಅಂಟಿಕೊಂಡಿದ್ದವು. ಮೂರು ಕಾಲಮ್ ಬದಲಿಸಿ ಆಗಿತ್ತು. ಬಫರ್ ಅದೇ, ಯಾವ ನಿಮಿಷಕ್ಕೆ ಯಾವ ದ್ರಾವಣ ಎಷ್ಟು ಪಾಲು ಎಂದು ಹೇಳುವ ಗ್ರೇಡಿಯಂಟ್ ಟೇಬಲ್ ಅದೇ. ಯಂತ್ರ ಬೇರೆ ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. "ಡ್ವೆಲ್ ವಾಲ್ಯೂಮ್ ಎಷ್ಟಪ್ಪಾ?" ಅಂದೆ. ಒಬ್ಬ ಕಾಲಮ್ಮಿನ ಡೆಡ್ ವಾಲ್ಯೂಮ್ ಹೇಳಿದ. ಇನ್ನೊಬ್ಬಳು ಡಿಟೆಕ್ಟರ್ ಸೆಲ್ ತೋರಿಸಿದಳು.

ಎರಡೂ ಅಲ್ಲ. ಎ ಮತ್ತು ಬಿ ದ್ರಾವಣಗಳು ಕೂಡುವ ಜಾಗದಿಂದ ಕಾಲಮ್ಮಿನ ಬಾಯಿಯವರೆಗೆ ಎಷ್ಟು ದ್ರವ ತುಂಬಿರುತ್ತದೋ ಅಷ್ಟೇ ಡ್ವೆಲ್ ವಾಲ್ಯೂಮ್. ಮಿಕ್ಸರ್, ಲೂಪ್, ಟ್ಯೂಬ್ ಎಲ್ಲ ಸೇರಿ. ಕಾಲಮ್ಮಿನಿಂದಾಚೆಯದು ಯಾವುದೂ ಇಲ್ಲ. ತಾರಸಿಯ ಮೇಲೆ ಸೋಲಾರ್ ಇರುವವರಿಗೆ ಗೊತ್ತು, ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರುವುದಿಲ್ಲ. ಪೈಪಿನಲ್ಲಿ ನಿಂತ ತಣ್ಣೀರು ಮೊದಲು ಖಾಲಿಯಾಗಬೇಕು. ಸಣ್ಣಗೆ ಬಿಟ್ಟರೆ ಇನ್ನೂ ತಡ.

ಅವರ ಹರಿವು ನಿಮಿಷಕ್ಕೆ 0.4 ಮಿ.ಲೀ. ಆರ್ ಅಂಡ್ ಡಿಯ ಬೈನರಿ (ಎರಡು ಪಂಪಿನ) ಯಂತ್ರದ ಡ್ವೆಲ್ 0.4 ಮಿ.ಲೀ., ಅಂದರೆ ಒಂದು ನಿಮಿಷ. ಕ್ಯೂಸಿಯ ಹಳೇ ಕ್ವಾಟರ್ನರಿ (ನಾಲ್ಕು ದ್ರಾವಣ ಬೆರೆಸಬಲ್ಲ) ಯಂತ್ರದ್ದು ಯಾರಿಗೂ ಗೊತ್ತಿರಲಿಲ್ಲ, ಅಳೆದೆವು. ಕಾಲಮ್ ತೆಗೆದು ಆ ಜಾಗಕ್ಕೆ ಒತ್ತಡ ಕೊಡುವಷ್ಟು ಸಣ್ಣ ಟ್ಯೂಬ್. ಎ ಬರೀ ನೀರು, ಬಿ ನೀರಿಗೆ ಶೇ. 0.1 ಅಸಿಟೋನ್, ಡಿಟೆಕ್ಟರ್ 265 ನ್ಯಾನೋಮೀಟರ್‌ಗೆ, 20 ನಿಮಿಷದಲ್ಲಿ ಬಿ ಶೇ. 0ಯಿಂದ 100. ಡಿಟೆಕ್ಟರಿನ ಗೆರೆ ಅರ್ಧ ಎತ್ತರಕ್ಕೆ ಬರಬೇಕಾದದ್ದು 10ನೇ ನಿಮಿಷಕ್ಕೆ, ಬಂದದ್ದು 13ಕ್ಕೆ. ಮೂರು ನಿಮಿಷ, 1.2 ಮಿ.ಲೀ.

ಆರ್ ಅಂಡ್ ಡಿಗಿಂತ ಎರಡು ನಿಮಿಷ ಹೆಚ್ಚು. ಟೇಬಲ್ಲಿನಲ್ಲಿಲ್ಲದ ಎರಡು ನಿಮಿಷದ ಐಸೊಕ್ರಾಟಿಕ್ (ಮಿಶ್ರಣ ಬದಲಾಗದ) ಓಟವನ್ನು ಯಂತ್ರ ತಾನೇ ಸೇರಿಸಿತ್ತು! ಕೊನೆಯಲ್ಲಿ ಬರುವ ಪೀಕ್‌ಗಳು ಸಾಮಾನ್ಯವಾಗಿ ಒಟ್ಟಾಗಿ ಹಿಂದೆ ಸರಿಯುತ್ತವೆ, ಅಂತರ ಕೆಡುವುದಿಲ್ಲ. ಮೊದಲು ಬರುವವು ಗ್ರೇಡಿಯಂಟ್ ತಲುಪುವ ಮುಂಚೆಯೇ ಕಾಲಮ್ಮಿನೊಳಗೆ ನಡೆಯಲು ಶುರುಮಾಡುತ್ತವೆ. ಜಗಳವೆಲ್ಲ ಅಲ್ಲೇ.

ಗ್ರೇಡಿಯಂಟ್ ಶುರುವಾಗಿ ಎರಡು ನಿಮಿಷವಾದ ಮೇಲೆ ಇಂಜೆಕ್ಟ್ ಮಾಡಿಸಿದೆ, ಪೀಕ್‌ಗಳು ಬೇರೆಯಾದವು. ಎಲ್ಲ ಯಂತ್ರಗಳ ಸಾಫ್ಟ್‌ವೇರ್ ಇದಕ್ಕೆ ಒಪ್ಪುವುದಿಲ್ಲ. ಹೊಸ ಯಂತ್ರದ ಡ್ವೆಲ್ ಕಡಿಮೆಯಿದ್ದರೆ ಕೆಲಸ ಸುಲಭ, ಆರಂಭದಲ್ಲಿ ಅಷ್ಟು ಹೊತ್ತು ಹೋಲ್ಡ್ ಕೊಟ್ಟರಾಯಿತು. 2022ರ ಡಿಸೆಂಬರ್‌ನಿಂದ ಜಾರಿಗೆ ಬಂದ, ಅಮೆರಿಕದ ಔಷಧ ಮಾನದಂಡ ಗ್ರಂಥ ಯುಎಸ್‌ಪಿಯ ಪರಿಷ್ಕೃತ 621ನೇ ಅಧ್ಯಾಯ ಇಂಥ ಹೊಂದಾಣಿಕೆಗೆ ಅವಕಾಶ ಕೊಡುತ್ತದೆ. ಹಾಗಂತ ನನ್ನ ಮಾತು ಕೇಳಿ ನಿಯಂತ್ರಕರಿಗೆ ಸಲ್ಲಿಸಿದ ಮೆಥಡ್‌ಗೆ ನೇರ ಕೈ ಹಾಕಬೇಡಿ, ಮೊದಲು ಕ್ಯೂಎ (ಗುಣಮಟ್ಟ ಖಾತರಿ ವಿಭಾಗ) ಹತ್ತಿರ ಮಾತಾಡಿ.

ಅಂದಹಾಗೆ, ಆ ರನ್‌ಗೆ ನಾನು ಹಾಕಿಸಿದ್ದು "ಕೆಟ್ಟಿದೆ" ಎಂದು ಚೀಟಿ ಅಂಟಿಸಿ ಡ್ರಾಯರಿಗೆ ತಳ್ಳಿದ್ದ ಮೊದಲನೇ ಕಾಲಮ್. ಆ ಚೀಟಿ ಕೀಳಲು ಕ್ಯೂಎ ಸಹಿ ಬೇಕಂತೆ, ಇನ್ನೂ ಬಂದಿಲ್ಲ.