ಓದುಗರ ಪ್ರಶ್ನೆ: ಯಂತ್ರವೇ ತೋರಿಸಿದ ಮೇಲೆ ನಿಧಿ ಇರಲೇಬೇಕಲ್ಲವೇ?

ಪ್ರಶ್ನೆ: ಉತ್ತರ ಪ್ರದೇಶದ ಡೌಂಡಿಯಾ ಖೇಡಾದಲ್ಲಿ ಹಳೆಯ ಕೋಟೆಯಡಿ 1000 ಟನ್ ಚಿನ್ನವಿದೆ ಎಂದು ಸಾಧು ಕಂಡ ಕನಸಿನ ಮಾತು ಬಿಡಿ, ಸರ್ಕಾರಿ ಭೂವಿಜ್ಞಾನಿಗಳೇ ನೆಲದಡಿ ಲೋಹವಿದೆ ಎಂದಿದ್ದರಲ್ಲ? ಆದರೂ ಚಿನ್ನ ಯಾಕೆ ಸಿಗಲಿಲ್ಲ?

ಉತ್ತರ: 2013ರಿಂದ ಈ ಪ್ರಶ್ನೆ ನಿಂತಿಲ್ಲ. ಚಿನ್ನವಿದೆ ಎಂದು ಭೂವಿಜ್ಞಾನಿಗಳು ಹೇಳಿರಲೇ ಇಲ್ಲ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಅವರ ವರದಿಯ ಸಾರ ಇಷ್ಟೇ: 5ರಿಂದ 20 ಮೀಟರ್ ಆಳದಲ್ಲಿ ಸುತ್ತಲ ಮಣ್ಣಿಗಿಂತ ಬೇರೆಯಾದ, ಕಾಂತಗುಣವಿಲ್ಲದ ಒಂದು ವಲಯವಿದೆ; ಅದು ವಿದ್ಯುತ್ ಹರಿಯದ ಲೋಹಾಂಶವೋ ಮಿಶ್ರಲೋಹವೋ ಆಗಿರಬಹುದು. ಚಿನ್ನ, ಬೆಳ್ಳಿ, ತಾಮ್ರ ಮೂರರಲ್ಲೂ ವಿದ್ಯುತ್ ಸರಾಗವಾಗಿ ಹರಿಯುತ್ತದೆ. ಅಂದಮೇಲೆ ಆ ಸಾಲು ಚಿನ್ನದ ಪರವಾದ ಸಾಕ್ಷಿ ಹೇಗಾದೀತು?

ಬೇರೂರಿದ ತಪ್ಪು ತಿಳಿವಳಿಕೆ ಇದು: ‘ಕಾಂತಗುಣವಿಲ್ಲ, ಹಾಗಾಗಿ ಕಬ್ಬಿಣವಲ್ಲ, ಹಾಗಾಗಿ ಬಂಗಾರ.’ ನೆಲದ ಕಾಂತಗುಣ ಅಳೆಯುವ ಯಂತ್ರವಾದ ಮ್ಯಾಗ್ನೆಟೋಮೀಟರ್ ಮುಖ್ಯವಾಗಿ ಗುರುತಿಸುವುದು ಕಬ್ಬಿಣವನ್ನು, ಜೊತೆಗೆ ಚೆನ್ನಾಗಿ ಸುಟ್ಟ ಇಟ್ಟಿಗೆ ಮತ್ತು ಗೂಡುಗಳನ್ನು. ಮರಳು, ಮೂಳೆ, ನೀರು, ಖಾಲಿ ಪೊಳ್ಳು ಇವಕ್ಕೂ ಹೇಳಿಕೊಳ್ಳುವಂಥ ಕಾಂತಗುಣವಿಲ್ಲ. ಕಬ್ಬಿಣವಲ್ಲದ್ದೆಲ್ಲ ಚಿನ್ನವಾಗುವುದಾದರೆ ಗಂಗೆಯ ದಡದ ಮರಳೂ ಚಿನ್ನವಾಗಬೇಕಿತ್ತು.

ರಾಡಾರ್ ಕೂಡ ಚಿನ್ನವನ್ನು ಗುರುತಿಸುವುದಿಲ್ಲ. ನೆಲದ ಮೇಲೆ ಎಳೆದೊಯ್ಯುವ ಆಂಟೆನಾ ರೇಡಿಯೋ ಅಲೆಗಳನ್ನು ಕೆಳಗೆ ಕಳಿಸುತ್ತದೆ. ಮಣ್ಣಿನ ವಿದ್ಯುತ್ ಗುಣ ಬದಲಾದಲ್ಲೆಲ್ಲ ಅಲೆ ಮರಳುತ್ತದೆ. ಗೋಡೆ, ಬಂಡೆ, ತೇವದ ಪದರ, ಹಳೆಯ ಬಾವಿ ಎಲ್ಲವೂ ಪ್ರತಿಧ್ವನಿ ಕೊಡುತ್ತವೆ. ಆಳವನ್ನಂತೂ ಯಂತ್ರ ಅಳೆಯುವುದೇ ಇಲ್ಲ. ಅದು ಅಳೆಯುವುದು ಸಮಯವನ್ನು, ಆಳ ನಾವು ಹಾಕುವ ಲೆಕ್ಕ. 100 ನ್ಯಾನೋಸೆಕೆಂಡಿಗೆ ಮರಳಿದ ಅಲೆ ಒಣ ಮಣ್ಣಿನಲ್ಲಿ ಸುಮಾರು 5 ಮೀಟರ್ ಆಳ ಹೇಳಿದರೆ, ಒದ್ದೆ ಜೇಡಿಯಲ್ಲಿ 3 ಮೀಟರ್ ಮಾತ್ರ. ಮಣ್ಣಿನಲ್ಲಿ ಅಲೆಯ ವೇಗ ಎಷ್ಟೆಂದು ತಪ್ಪಾಗಿ ಊಹಿಸಿದರೆ ಆಳವೂ ತಪ್ಪು. ಒದ್ದೆ ಜೇಡಿಯಲ್ಲಂತೂ ಅಲೆ ಒಂದೆರಡು ಮೀಟರಿನಲ್ಲೇ ಸತ್ತುಹೋಗಬಹುದು. ಕೈಯಲ್ಲಿ ಹಿಡಿಯುವ ಸಾಮಾನ್ಯ ಲೋಹಶೋಧಕಕ್ಕೆ ಒಂದು ನಾಣ್ಯ ಸಿಗುವುದು ಹೆಚ್ಚೆಂದರೆ ಒಂದು ಗೇಣು, ಒಂದೂವರೆ ಗೇಣು ಆಳದಲ್ಲಿ. ‘ಮೂವತ್ತು ಅಡಿ ಕೆಳಗಿನ ಬಂಗಾರ ತೋರಿಸುತ್ತದೆ’ ಎಂದು ಊರೂರಿಗೆ ತಂದು ಮಾರುವ ಕಡ್ಡಿ-ಪೆಟ್ಟಿಗೆಗಳಿಗೆ ದಯವಿಟ್ಟು ದುಡ್ಡು ಸುರಿಯಬೇಡಿ.

ಇನ್ನು ಕನಸಿನ ಆ 1000 ಟನ್. ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ. ಹಾಗಾಗಿ 1000 ಟನ್ ಎಂದರೆ ಸುಮಾರು 52 ಘನ ಮೀಟರ್, ಅಂದರೆ ಪ್ರತಿ ಬದಿ 3.7 ಮೀಟರ್ ಇರುವ ಒಂದೇ ಗಟ್ಟಿ. ಇಷ್ಟು ತೂಕ 10 ಮೀಟರ್ ಆಳದಲ್ಲಿದ್ದರೆ ಅದರ ನೆತ್ತಿಯ ಮೇಲೆ ಭೂಮಿಯ ಗುರುತ್ವ ಸುಮಾರು 60 ಮೈಕ್ರೋಗಾಲ್ (ಗುರುತ್ವದ ಅತಿ ಸಣ್ಣ ಮಾನ) ಹೆಚ್ಚಿರಬೇಕು. ಗುರುತ್ವ ಅಳೆಯುವ ಒಳ್ಳೆಯ ಯಂತ್ರ, ಗ್ರಾವಿಮೀಟರ್, 10 ಮೈಕ್ರೋಗಾಲ್ ವ್ಯತ್ಯಾಸವನ್ನೂ ಹಿಡಿಯುತ್ತದೆ. ಗುದ್ದಲಿ ಎತ್ತುವ ಮೊದಲೇ ಪರೀಕ್ಷಿಸಬಹುದಾಗಿದ್ದ ಮಾತಿದು. ನಮ್ಮ ಕೋಲಾರದ ಗಣಿ 120 ವರ್ಷ ತೋಡಿ ಕೊಟ್ಟದ್ದು ಸುಮಾರು 800 ಟನ್. 2013ರಲ್ಲಿ ರಿಸರ್ವ್ ಬ್ಯಾಂಕಿನ ಬಳಿ ಇದ್ದದ್ದು 557 ಟನ್ ಚಿಲ್ಲರೆ. ಎರಡನ್ನೂ ಮೀರಿಸುವ ಚಿನ್ನ 1857ರ ಕಾಲದ ಒಬ್ಬ ತಾಲ್ಲೂಕುದಾರನ (ದೊಡ್ಡ ಜಮೀನ್ದಾರನ) ಆ ಕೋಟೆಯಲ್ಲಿತ್ತು ಎಂದು ನಂಬಲು ಆಧಾರವೇನು? 2013ರ ಅಕ್ಟೋಬರ್ 18ರಂದು ಪುರಾತತ್ವ ಇಲಾಖೆ ಅಗೆಯಲು ಶುರುಮಾಡಿತು. ಮಡಕೆ ಚೂರು, ಇಟ್ಟಿಗೆ ಕಟ್ಟಡದ ಉಳಿಕೆಗಳು ಸಿಕ್ಕವು, ಚಿನ್ನವಿಲ್ಲ.

ಅಗೆದು ನೋಡಿಬಿಟ್ಟರೆ ನಷ್ಟವೇನು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಗಳ್ಳರು ಒಡೆದರು. ಕಟ್ಟಡವನ್ನಾದರೂ ಮತ್ತೆ ಕಟ್ಟಬಹುದು, ಕಲಕಿದ ಮಣ್ಣಿನ ಪದರಗಳನ್ನು ಮೊದಲಿನಂತೆ ಜೋಡಿಸಲಾಗದು. ನಾಣ್ಯವೊಂದು ಯಾವ ಪದರದಲ್ಲಿ, ಯಾವ ಮಡಕೆಯ ಪಕ್ಕದಲ್ಲಿತ್ತು ಎಂಬುದೇ ಅದರ ಕಾಲ ಹೇಳುವ ಸಾಕ್ಷಿ. ಪಾಯ ತೋಡುವಾಗ ಏನಾದರೂ ಕಂಡರೆ ಕೆಲಸ ನಿಲ್ಲಿಸಿ. ಉಜ್ಜಬೇಡಿ, ತೊಳೆಯಬೇಡಿ. ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು, ಅದು ಇದ್ದಲ್ಲೇ ಫೋಟೋ ತೆಗೆದು, ಅದೇ ದಿನ ತಹಶೀಲ್ದಾರರಿಗೆ ತಿಳಿಸಿ.