ಕ್ರಾಪ್ ಸೆನ್ಸರ್ ಸಾಕೋ, ಫುಲ್ ಫ್ರೇಮೇ ಬೇಕೋ?

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ. ರಜೆ ಸಿಕ್ಕರೆ ಪೇಟೆ, ಕೆರೆ, ಜಾತ್ರೆ ಅಂತ ಫೋಟೊ ತೆಗೆಯುತ್ತೇನೆ. ಒಂದೂವರೆ ಲಕ್ಷ ಕೂಡಿಟ್ಟಿದ್ದೇನೆ. ಹಗುರವಾದ ಕ್ರಾಪ್ ಸೆನ್ಸರ್ ಕ್ಯಾಮೆರಾ ಕೊಳ್ಳಲೋ, ಸ್ವಲ್ಪ ಸಾಲ ಮಾಡಿ ಫುಲ್ ಫ್ರೇಮ್‌ಗೇ ಹೋಗಲೋ?

ಸಾಲ ಮಾಡಬೇಡಿ. ಕ್ರಾಪ್ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ತೆಗೆದುಕೊಂಡು, ಉಳಿಯುವ ದುಡ್ಡನ್ನು ಒಂದು ಒಳ್ಳೆಯ ಲೆನ್ಸಿಗೆ ಹಾಕಿ.

ಸೆನ್ಸರ್ ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿದು ಚಿತ್ರ ಮಾಡುವ ಫಲಕ. ಫುಲ್ ಫ್ರೇಮ್ ಸೆನ್ಸರ್ ಹಳೆಯ ರೀಲಿನ ಒಂದು ಫ್ರೇಮಿನಷ್ಟಿರುತ್ತದೆ, 36 × 24 ಮಿ.ಮೀ. ಸೋನಿ, ನಿಕಾನ್, ಫ್ಯೂಜಿಯ ಕ್ರಾಪ್ ಸೆನ್ಸರ್ ಸುಮಾರು 23.5 × 15.6. ಅಂದರೆ ದೊಡ್ಡದರ ವಿಸ್ತೀರ್ಣ ಹೆಚ್ಚುಕಡಿಮೆ 2.4 ಪಟ್ಟು. ಕತ್ತಲಲ್ಲಿ ಇದರ ಲಾಭ ಒಂದು ಸ್ಟಾಪ್‌ಗಿಂತ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು) ತುಸು ಜಾಸ್ತಿ: ಒಂದೇ ತಲೆಮಾರಿನ ಕ್ಯಾಮೆರಾಗಳಾದರೆ ಕ್ರಾಪ್‌ನಲ್ಲಿ ಐಎಸ್ಒ (ಕತ್ತಲಲ್ಲಿ ಏರಿಸುವ ಸಂವೇದನೆಯ ಅಳತೆ) 3200ಕ್ಕೆ ಕಾಣುವ ನಾಯ್ಸ್, ಅಂದರೆ ಚಿತ್ರದ ಮೇಲಿನ ಕಾಳುಕಾಳು ಚುಕ್ಕೆ, ಫುಲ್ ಫ್ರೇಮ್‌ನಲ್ಲಿ 6400 ದಾಟಿದ ಮೇಲೆ ಕಾಣುತ್ತದೆ.

ಇಲ್ಲೇ ಬಹಳ ಜನ ಎಡವುವುದು. ಇದ್ದ ದುಡ್ಡೆಲ್ಲ ಫುಲ್ ಫ್ರೇಮ್ ಬಾಡಿಗೇ ಹೋಗಿ, ಜೊತೆಗೆ ಬರುವ 28-70 ಎಂಎಂ ಕಿಟ್ ಲೆನ್ಸೇ ಗತಿಯಾಗುತ್ತದೆ. 70ಕ್ಕೆ ಝೂಮ್ ಮಾಡಿದರೆ ಅದು ಎಫ್5.6 (ಈ ಅಂಕಿ ಚಿಕ್ಕದಾದಷ್ಟೂ ಲೆನ್ಸಿನೊಳಗೆ ಬರುವ ಬೆಳಕು ಹೆಚ್ಚು). ಕ್ರಾಪ್ ಕ್ಯಾಮೆರಾಗೆ ಎಫ್2.8 ಲೆನ್ಸ್ ಹಾಕಿದವನಿಗೆ ಅದಕ್ಕಿಂತ ಎರಡು ಸ್ಟಾಪ್ ಬೆಳಕು ಹೆಚ್ಚು. ದೊಡ್ಡ ಸೆನ್ಸರಿನಿಂದ ಬಂದ ಒಂದು ಚಿಲ್ಲರೆ ಸ್ಟಾಪ್ ಅಲ್ಲೇ ಕರಗಿತು!

ಇನ್ನು ತೂಕ. ಸೋನಿಯ ಕ್ರಾಪ್ ಕ್ಯಾಮೆರಾ ಎ6400ರ ಬಾಡಿ 403 ಗ್ರಾಂ, ಸಿಗ್ಮಾ 18-50 ಎಫ್2.8 ಲೆನ್ಸ್ ಸುಮಾರು 290 ಗ್ರಾಂ. ಎರಡೂ ಸೇರಿ 700 ಗ್ರಾಂ ಒಳಗೆ. ಫುಲ್ ಫ್ರೇಮ್ ಆದ ಎ7 ಮಾರ್ಕ್ 4ಕ್ಕೆ ಸೋನಿಯದೇ ಹೊಸ 24-70 ಎಫ್2.8 ಹಾಕಿದರೆ 1,350 ಗ್ರಾಂ.

ಕೆ.ಆರ್. ಮಾರುಕಟ್ಟೆಗೆ ಬೆಳಗಿನ ಜಾವ ನಾನು ಎರಡೂ ಬಗೆಯ ಕ್ಯಾಮೆರಾ ಹಿಡಿದು ಹೋಗಿದ್ದೇನೆ. ದೊಡ್ಡದನ್ನು ಕಣ್ಣಿಗೆ ಹಿಡಿದ ಕೂಡಲೇ ಸೇವಂತಿಗೆ ತೂಗುತ್ತಿದ್ದ ಅಮ್ಮ ಕೈ ನಿಲ್ಲಿಸಿ, ಸೆರಗು ಸರಿಮಾಡಿಕೊಂಡು, "ಟಿವಿಯವ್ರಾ ಸಾರ್?" ಅಂದರು. ನಗುಮುಖದ ಫೋಟೊ ಸಿಕ್ಕಿತು, ತೂಗುವ ಕೈ ಸಿಗಲಿಲ್ಲ. ಇನ್ನೊಂದು ದಿನ ಚಿಕ್ಕ ಕ್ಯಾಮೆರಾ ಹಿಡಿದು, ಕೇಳಿಕೊಂಡು ಪಕ್ಕದಲ್ಲೇ ಕೂತೆ. ಐದು ನಿಮಿಷಕ್ಕೆ ನನ್ನನ್ನು ಮರೆತರು. ತಕ್ಕಡಿ, ಒದ್ದೆ ಗೋಣಿಚೀಲ, ಬೆರಳಿಗೆ ಅಂಟಿದ ಎಸಳು, ಎಲ್ಲ ಬಂತು. ನಾಯ್ಸ್ ಇದೆ ನಿಜ, ಆದರೆ ಆ ಫೋಟೊ ನನಗೆ ಇವತ್ತಿಗೂ ಇಷ್ಟ.

ಹೆಬ್ಬಾಳ ಕೆರೆಯ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳಿಗಂತೂ ಕ್ರಾಪ್ ಸೆನ್ಸರೇ ಅನುಕೂಲ. 400 ಎಂಎಂ ಲೆನ್ಸ್ 600 ಎಂಎಂನಷ್ಟು ಹತ್ತಿರ ತೋರಿಸುತ್ತದೆ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಫೋಟೊವನ್ನು ಅಷ್ಟಕ್ಕೆ ಕತ್ತರಿಸಿದರೆ ಉಳಿಯುವುದು ಹತ್ತು ಹತ್ತೂವರೆ ಮೆಗಾಪಿಕ್ಸೆಲ್ ಮಾತ್ರ.

ಹಾಗಂತ ಫುಲ್ ಫ್ರೇಮ್ ದಂಡ ಅಂತ ನಾನು ಹೇಳುವುದಿಲ್ಲ. ಚೈತ್ರ ಹುಣ್ಣಿಮೆಯ ಮಧ್ಯರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಬಿದ್ದಾಗ ಅದು ನಿಮಗಾಗಿ ನಿಲ್ಲುವುದಿಲ್ಲ. ಶಟರ್ ವೇಗ ಸೆಕೆಂಡಿನ 1/250ಕ್ಕಿಂತ ಇಳಿಸುವಂತಿಲ್ಲ, ಐಎಸ್ಒ ಏರುತ್ತಲೇ ಹೋಗುತ್ತದೆ. ಅಲ್ಲಿ ಆ ಒಂದು ಸ್ಟಾಪ್ ಚಿನ್ನ. ನೃತ್ಯ ಕಾರ್ಯಕ್ರಮ, ಮದುವೆ ಮನೆ ಇವೇ ನಿಮ್ಮ ಮುಖ್ಯ ಕೆಲಸವಾಗಿ, ಅದರಿಂದ ನಾಲ್ಕು ಕಾಸು ಬರುವಂತಿದ್ದರೆ ಫುಲ್ ಫ್ರೇಮ್ ತೆಗೆದುಕೊಳ್ಳಿ. ಆದರೆ ಎಫ್2.8 ಲೆನ್ಸಿನ ದುಡ್ಡನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಮುಂದೆ ಫುಲ್ ಫ್ರೇಮ್‌ಗೆ ಹೋದರೆ ಈ ಲೆನ್ಸ್ ಬರುತ್ತದೆಯೇ ಎಂದೂ ನೀವು ಕೇಳಬಹುದು. ಮೌಂಟ್ (ಲೆನ್ಸ್ ಕೂರುವ ಬಾಯಿ) ಒಂದೇ ಆದರೆ ಕೂರುತ್ತದೆ, ಆದರೆ ಸೆನ್ಸರಿನ ನಡುಭಾಗ ಮಾತ್ರ ಬಳಕೆಯಾಗುತ್ತದೆ. ಎಂದೋ ಕೊಳ್ಳುವ ಬಾಡಿಗಾಗಿ ಈಗಲೇ ಭಾರದ ಲೆನ್ಸ್ ಹೊರಬೇಡಿ.

ಇನ್ನೂ ಅನುಮಾನವಿದ್ದರೆ ನಮ್ಮ ಊರಲ್ಲಿ ಎರಡೂ ಬಗೆಯ ಕ್ಯಾಮೆರಾ ದಿನದ ಬಾಡಿಗೆಗೆ ಸಿಗುತ್ತವೆ. ಒಂದು ಶನಿವಾರ ಅದು, ಮುಂದಿನ ಶನಿವಾರ ಇದು ಹೆಗಲಿಗೆ ಹಾಕಿಕೊಂಡು ಬೆಳಗ್ಗೆ ಆರಕ್ಕೆ ಲಾಲ್‌ಬಾಗ್ ಸೇರಿ, ಹತ್ತರವರೆಗೆ ಸುತ್ತಾಡಿ. ಎಂಟೂವರೆಯ ಮೇಲೆ ಯಾವ ಕ್ಯಾಮೆರಾ ಚೀಲದಿಂದ ಹೊರಗೇ ಬರಲಿಲ್ಲ ಅನ್ನುವುದನ್ನು ಗಮನಿಸಿ.